ಲಾಕೌಟ್ ಆದ ಕಾರ್ಖಾನೆಗೆ ನಮ್ಮ ಹುಡುಗರನ್ನು ಕರೆಯಬೇಡಿ

ಮಾನ್ಯ ಸಂಪಾದಕರೇ,

ದಾವಣಗೆರೆ, ಹರಿಹರದಲ್ಲಿ ಐಟಿಐ ಮುಗಿಸಿದ ಹುಡುಗರಿಗೆ ಆಗಾಗ ಕಂಟ್ರಾಕ್ಟರುಗಳ ಫೋನ್ ಬರುತ್ತದೆ. ಯಾವುದೋ ಕಾರ್ಖಾನೆ ಲಾಕೌಟ್ ಆಗಿದೆ, ಜನ ಬೇಕು. ಬಸ್ ಕಳಿಸುತ್ತೇವೆ, ಊಟ, ರೂಮು ನಮ್ಮದೇ, ಕೂಲಿ ಬೇರೆ ಕಡೆಗಿಂತ ಜಾಸ್ತಿ. ಗೇಟ್ ಹತ್ತಿರ ಯಾರಾದರೂ ನಿಂತಿದ್ದರೆ ಮಾತಾಡಿಸಬೇಡಿ, ಅಷ್ಟೇ. ನಾನು ಫಿಟ್ಟರ್ ವಿಭಾಗದಲ್ಲಿ ಪಾಠ ಮಾಡಿ ನಿವೃತ್ತನಾದವನು. "ಹೋಗಬಹುದಾ ಸರ್?" ಅಂತ ಕೇಳಿದವರಿಗೆಲ್ಲ ಬೇಡ ಅಂದಿದ್ದೇನೆ.

ಮುಷ್ಕರದಲ್ಲಿ ಕೆಲಸ ನಿಲ್ಲಿಸುವವರು ಕಾರ್ಮಿಕರು. ಲಾಕೌಟ್‌ನಲ್ಲಿ ಗೇಟಿಗೆ ಬೀಗ ಹಾಕುವವರು ಮಾಲೀಕರು. ಶಿಫ್ಟಿಗೆ ಬಂದವನು ಊಟದ ಡಬ್ಬಿ ಹಿಡಿದು ಹೊರಗೇ ನಿಂತಿರುತ್ತಾನೆ. ದುಡಿಯಲು ತಯಾರಿದ್ದಾನೆ, ಒಳಗೆ ಬಿಡುತ್ತಿಲ್ಲ. ಸಂಬಳವೂ ನಿಂತಿರುತ್ತದೆ. ಅವನ ಮಷೀನಿನಲ್ಲಿ ನಮ್ಮ ಹುಡುಗ ಕೆಲಸ ಮಾಡುತ್ತಿದ್ದರೆ ಮಾಲೀಕರಿಗೆ ಮಾತುಕತೆಯ ಅವಸರ ಯಾಕಿರುತ್ತದೆ? ಗಲಾಟೆ ಮಾಡಿದರು, ಶಿಸ್ತಿಲ್ಲ ಅಂತ ಅವರು ಕಾರಣ ಕೊಡುತ್ತಾರೆ. ಕೆಲವು ಸಲ ನಿಜವೂ ಇರಬಹುದು. ಅದನ್ನು ಕಾರ್ಮಿಕ ಇಲಾಖೆಯ ಮುಂದೆ ಹೇಳಲಿ. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆ ಲಾಕೌಟ್ ಆದಾಗ ರಾಜ್ಯ ಸರ್ಕಾರ ಮಧ್ಯೆ ಬಂದಿತ್ತು. ಆದರೂ ವಿವಾದ ತಿಂಗಳುಗಟ್ಟಲೆ ಎಳೆಯಿತು.

ನಮ್ಮೂರಿಗೆ ಬದಲಿ ಕೆಲಸ ಹೊಸದಲ್ಲ. ಹತ್ತಿ ಮಿಲ್ಲುಗಳ ಕಾಲದಲ್ಲಿ ಬದಲಿಯವರು ಗೇಟಿನಲ್ಲಿ ಕಾಯುತ್ತಿದ್ದರು. ಯಾರಾದರೂ ರಜೆ ಹಾಕಿದರೆ ಆ ದಿನದ ಕೆಲಸ ಅವರಿಗೆ ಸಿಗುತ್ತಿತ್ತು. ರಜೆ ಮುಗಿಸಿ ಬಂದವನಿಗೆ ಅವನ ಜಾಗ ಹಾಗೇ ಇರುತ್ತಿತ್ತು. ಅದರಲ್ಲಿ ಯಾರ ಅನ್ನಕ್ಕೂ ಕೈ ಹಾಕಿದಂತೆ ಆಗುತ್ತಿರಲಿಲ್ಲ. ಮಿಲ್ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರು ಇದು. ಇಲ್ಲಿನ ಹಿರಿಯರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಹೆಚ್ಚು ಭಯ ಇರುವುದು ಹುಡುಗರ ಕೈಬೆರಳುಗಳ ಬಗ್ಗೆ. ತಗಡನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ನಲ್ಲಿ ಎರಡು ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಆಗ ಕೈ ಡೈ, ಅಂದರೆ ಅಚ್ಚಿನ ಒಳಗೆ ಇರಲು ಸಾಧ್ಯವಿಲ್ಲ. ಪೀಸ್ ಜಾಸ್ತಿ ಬರಲಿ ಅಂತ ಒಂದು ಬಟನ್ ಕಟ್ಟಿಹಾಕಿದ ಮಷೀನುಗಳನ್ನು ನಾನೇ ನೋಡಿದ್ದೇನೆ. ಯಾವ ಮಷೀನಿನ ಗುಣ ಏನು ಅಂತ ಹಳೆಯ ಆಪರೇಟರ್‌ಗೆ ಗೊತ್ತು. ನಿನ್ನೆ ಬಸ್ ಇಳಿದ ಹುಡುಗನಿಗೆ ಅದನ್ನು ಹೇಳಿಕೊಡುವವನೇ ಗೇಟಿನ ಆಚೆ ಇದ್ದಾನೆ. ಬೆರಳು ಹೋದ ಮೇಲೆ ಕಂಟ್ರಾಕ್ಟರ್ ಫೋನ್ ಎತ್ತುತ್ತಾನಾ?

ಮನೆಯಲ್ಲಿ ಸಾಲ ಇಟ್ಟುಕೊಂಡು ಹೋದವನನ್ನು ದ್ರೋಹಿ ಅನ್ನಲು ನನಗೆ ಮನಸ್ಸಿಲ್ಲ. ಅವನ ಬಸ್ಸಿಗೆ ಕಲ್ಲು ಹೊಡೆಯುವುದಂತೂ ದೊಡ್ಡ ತಪ್ಪು. ಅವನ ಕಷ್ಟ ಗೊತ್ತಿದ್ದೇ ಕರೆಸಿಕೊಳ್ಳುತ್ತಾರಲ್ಲ, ನನ್ನ ಸಿಟ್ಟು ಅವರ ಮೇಲೆ.

ಕಾನೂನಿನಲ್ಲೂ ಒಂದು ಕೊರತೆ ಇದೆ. ಕಾನೂನುಬದ್ಧ ಮುಷ್ಕರ ನಡೆಯುವಾಗ ಹೊಸಬರನ್ನು ನೇಮಿಸಿಕೊಳ್ಳುವುದು ಅನುಚಿತ ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಅನುಸೂಚಿ ಹೇಳುತ್ತಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ಸಾಲು ಉಳಿದಿದೆ. ಆದರೆ ಅದರಲ್ಲಿ ಮುಷ್ಕರದ ಮಾತಿದೆ, ಲಾಕೌಟ್ ಇಲ್ಲ. ತಾನಾಗಿ ಕೆಲಸ ನಿಲ್ಲಿಸಿದವನ ಜಾಗವನ್ನು ಕಾಯುವ ಸಾಲು, ಕೆಲಸ ಬೇಕೆಂದು ಗೇಟಿನಲ್ಲಿ ನಿಂತವನ ಜಾಗವನ್ನು ಕಾಯುವುದಿಲ್ಲ. ಇದು ಯಾವ ನ್ಯಾಯ? ಲಾಕೌಟನ್ನೂ ಅದರಲ್ಲಿ ಸೇರಿಸುವಂತೆ ನಮ್ಮ ಸಂಸದರು ಸಂಸತ್ತಿನಲ್ಲಿ ಕೇಳಬೇಕು.

ಅಲ್ಲಿಯವರೆಗೆ ಜಿಲ್ಲೆಯ ಐಟಿಐಗಳು ಒಂದು ಕೆಲಸ ಮಾಡಬಹುದು. ಹುಡುಗರು ಬೇಕು ಅಂತ ಬಂದ ಕಂಪನಿಯವರಿಗೆ, ಕಂಟ್ರಾಕ್ಟರುಗಳಿಗೆ ನಿಮ್ಮಲ್ಲಿ ಈಗ ಲಾಕೌಟ್ ಇದೆಯಾ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಲಿ. ಇದೆ ಅಂದರೆ ಪಟ್ಟಿ ಕೊಡುವುದು ಬೇಡ.

– ನಿವೃತ್ತ ಐಟಿಐ ಬೋಧಕ, ದಾವಣಗೆರೆ