ಪವರ್ ಸ್ಟೀರಿಂಗ್ ಆಯಿಲ್ ವಿಚಾರದಲ್ಲಿ ನಮ್ಮ ಗ್ಯಾರೇಜಿನ ಹೊಸ ಕ್ರಮ

ಮಾನ್ಯ ಗ್ರಾಹಕರೇ,

ಹಳೆಯ ಕಾರುಗಳ ಪವರ್ ಸ್ಟೀರಿಂಗ್ ಆಯಿಲ್ ಕಡಿಮೆಯಾದಾಗ ದೊಡ್ಡ ಕ್ಯಾನಿನಿಂದ ಒಂದಿಷ್ಟು ಸುರಿದು ಕಳುಹಿಸುವ ಪದ್ಧತಿಯನ್ನು ಈ ತಿಂಗಳಿಂದ ನಿಲ್ಲಿಸಿದ್ದೇವೆ. ಇನ್ನು ಮೊದಲು ಸೋರಿಕೆ ಹುಡುಕುತ್ತೇವೆ. ಆಮೇಲೆ ಕಾರು ತಯಾರಿಸಿದವರು ಹೇಳಿರುವ ಆಯಿಲನ್ನೇ, ಸೀಲ್ ಒಡೆಯದ ಬಾಟಲಿಯಿಂದ ಹಾಕುತ್ತೇವೆ. ಒಳಗಿರುವುದು ಕೆಟ್ಟಿದ್ದರೆ ಪೂರ್ತಿ ಬದಲಿಸುತ್ತೇವೆ. ಇದರಿಂದ ಬಿಲ್ಲು ಹೆಚ್ಚಾಗುತ್ತದೆ, ಕಾಯುವುದೂ ಹೆಚ್ಚಾಗುತ್ತದೆ. ನಿಂತ ಕಾಲಲ್ಲೇ ಮುಗಿಯುವ ಕೆಲಸವೆಂದು ಬಂದು ಕಾರು ಬಿಟ್ಟುಹೋಗಬೇಕಾದವರಿಗೆ ಆಗುತ್ತಿರುವ ತೊಂದರೆಗೆ ಕ್ಷಮೆ ಕೋರುತ್ತೇವೆ. ಕ್ರಮವನ್ನು ಮಾತ್ರ ಸಡಿಲಿಸಲಾರೆವು.

“ಸ್ವಲ್ಪ ಕೆಂಪು ಆಯಿಲ್ ಹಾಕಿದ್ದರೆ ಸಾಕಿತ್ತು, ದುಡ್ಡಿಗಾಗಿ ಕೆಲಸ ಬೆಳೆಸುತ್ತಿದ್ದೀರಿ” ಎಂಬ ಮಾತನ್ನು ಮತ್ತೆ ಮತ್ತೆ ಕೇಳಿದ್ದೇವೆ. ನಂಬಿ ಬರುವವರ ಬಾಯಲ್ಲೇ ಇದು ಬಂದಾಗ ನೋವಾಗುತ್ತದೆ, ಆದ್ದರಿಂದ ವಿವರವಾಗಿಯೇ ಉತ್ತರಿಸುತ್ತೇವೆ. ಸ್ಟೀರಿಂಗ್ ಆಯಿಲ್ ಇಂಜಿನ್ ಆಯಿಲಿನಂತೆ ಉರಿದು ಖರ್ಚಾಗುವುದಿಲ್ಲ. ಪಂಪಿನಿಂದ ಚಕ್ರಗಳನ್ನು ತಿರುಗಿಸುವ ರ‍್ಯಾಕಿಗೆ ಹೋಗಿ ಅದು ಮತ್ತೆ ಆಯಿಲ್ ತುಂಬುವ ಡಬ್ಬಿಗೇ ಬರುತ್ತದೆ. ಮಟ್ಟ ಇಳಿದಿದೆಯೆಂದರೆ ಹೋಸಿನ ಜೋಡಣೆಯಲ್ಲೋ, ಪಂಪಿನ ಶಾಫ್ಟ್ ಸೀಲಿನಲ್ಲೋ, ರ‍್ಯಾಕಿನ ತುದಿಯ ರಬ್ಬರ್ ಬೂಟಿನೊಳಗೋ ಅದು ಸೋರುತ್ತಿದೆ ಎಂದೇ ಅರ್ಥ. ಪಂಪಿಗೆ ಒತ್ತಡದ ಕೆಲಸಕ್ಕೂ ಸವಕಳಿ ತಡೆಯುವುದಕ್ಕೂ ಇರುವುದು ಅದೊಂದೇ ಆಯಿಲ್. ಅದು ಬತ್ತಿದರೆ ಪಂಪ್ ತನ್ನನ್ನು ತಾನೇ ತಿಂದುಕೊಳ್ಳುತ್ತದೆ, ಆ ಲೋಹದ ಪುಡಿ ರ‍್ಯಾಕಿನವರೆಗೂ ಹೋಗುತ್ತದೆ.

ಇನ್ನು ಕೆಂಪು ಬಣ್ಣದ ಮಾತು. ಬಣ್ಣವೆಂಬುದು ತಯಾರಕರು ಬೆರೆಸುವ ಡೈ ಅಷ್ಟೇ. ಹಳೆಯ ಕಾರುಗಳಲ್ಲಿ ಅನೇಕಕ್ಕೆ ಡೆಕ್ಸ್‌ರಾನ್ ಎಂಬ ದರ್ಜೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲೇ, ಅಂದರೆ ಎಟಿಎಫ್ಫೇ, ಸರಿಯಾದದ್ದು. ಹೋಂಡಾ ತನ್ನದೇ ಆಯಿಲನ್ನು ಬಳಸಲು ಹೇಳುತ್ತದೆ. ಜರ್ಮನಿಯ ಹಲವು ಕಾರುಗಳಿಗೆ ಹಸಿರು ಬಣ್ಣದ ಸಿಂಥೆಟಿಕ್ ಆಯಿಲ್ ಬೇಕು. ಸೀಲುಗಳನ್ನೂ ಪಂಪಿನ ಸಂದುಗಳನ್ನೂ ಆಯಾ ಆಯಿಲಿಗೆ ಹೊಂದುವಂತೆ ಮಾಡಿರುತ್ತಾರೆ. ಡೆಕ್ಸ್‌ರಾನ್ ದರ್ಜೆಯನ್ನು ರೂಪಿಸಿದ ಜನರಲ್ ಮೋಟಾರ್ಸ್, ಆಯಿಲ್ ಕಂಪನಿಗಳಿಗೆ ಕೊಡುತ್ತಿದ್ದ ಡೆಕ್ಸ್‌ರಾನ್-3ರ ಪರವಾನಗಿಯನ್ನು 2006ರ ನಂತರ ನವೀಕರಿಸಿಲ್ಲವಾದ್ದರಿಂದ, ಇಂದು ಆ ದರ್ಜೆಗೆ ಸಮವೆಂದು ಬಾಟಲಿಯ ಮೇಲೆ ಬರೆದಿರುವುದು ಆಯಾ ಕಂಪನಿಯ ಸ್ವಂತ ಹೇಳಿಕೆ. ಅದನ್ನು ಓದಿ, ತೂಗಿ ನೋಡದೆ ನಾವು ಕೊಳ್ಳುವುದಿಲ್ಲ. ತುರ್ತಿಗೆಂದು ಬ್ರೇಕ್ ಆಯಿಲನ್ನು ಮಾತ್ರ ಎಂದಿಗೂ ಸುರಿಯಬೇಡಿ. ಗ್ಲೈಕಾಲ್‌ನಿಂದ ಮಾಡಿದ ಆ ದ್ರವಕ್ಕೆ ಸ್ಟೀರಿಂಗಿನ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಬದಲಿಸುವುದು ಅನಗತ್ಯವೆನ್ನುವವರಿಗೆ ಬಿಳಿ ಕಾಗದದ ಮೇಲೆ ಎರಡು ಹನಿ ಹಾಕಿ ತೋರಿಸುತ್ತೇವೆ. ಹೊಸ ಆಯಿಲ್ ತಿಳಿಯಾಗಿ ಹರಡುತ್ತದೆ. ಹಳೆಯದು ಕಂದು ಕಲೆಯಾಗಿ ನಿಂತು, ನಡುವೆ ಕಪ್ಪು ಚೂರುಗಳನ್ನು ಉಳಿಸುತ್ತದೆ. ಆ ಚೂರುಗಳು ಹೆಚ್ಚಾಗಿ ಹೋಸಿನ ಒಳಪದರದಿಂದ ಕಳಚಿ ಬಂದ ರಬ್ಬರು. ಡಬ್ಬಿಯ ತಳದಲ್ಲಿ ಜಾಲರಿಯಿರುವ ಕಾರುಗಳಲ್ಲಿ ಇವೇ ಕಟ್ಟಿಕೊಂಡು ಪಂಪಿಗೆ ಆಯಿಲ್ ಸಾಲದಂತಾಗುತ್ತದೆ.

ಬಿಲ್ಲಿನ ದೊಡ್ಡ ಪಾಲು ಆಯಿಲಿನದಲ್ಲ, ಕೆಲಸದ್ದು. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ವಾಪಸು ಬರುವ ಹೋಸನ್ನು ಬಿಚ್ಚಿ ಹಳೆಯದನ್ನು ಇಳಿಸಿ, ಹೊಸದನ್ನು ತುಂಬಿದ ಮೇಲೆ ಇಂಜಿನ್ ಆರಿಸಿಯೇ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತ, ಡಬ್ಬಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆಯಬೇಕು. ಅವಸರ ಮಾಡಿದರೆ ಆಯಿಲ್ ನೊರೆಯಾಗಿ ಪಂಪ್ ಗುಂಯ್‌ಗುಡುತ್ತದೆ. ಬಗೆಬಗೆಯ ಬಾಟಲಿಗಳನ್ನು ಮುಂಗಡ ಹಣ ಹಾಕಿ ಇಟ್ಟುಕೊಳ್ಳುವುದು ನಮಗೇ ಭಾರ. ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ವಿಲೇವಾರಿ ಮಾಡುವ ಖರ್ಚನ್ನು ಇದುವರೆಗೆ ನಾವೇ ಹೊತ್ತಿದ್ದೇವೆ. ದುರಾಸೆಯ ಮಾತು ಬಂದಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ವಿನಂತಿ.

ಸೋರಿಕೆ ನಿಲ್ಲಿಸುವ ಔಷಧವನ್ನು ಕೆಲವರು ಕೇಳುತ್ತಾರೆ. ಅದು ಸೀಲನ್ನು ಉಬ್ಬಿಸಿ ಕೆಲಕಾಲ ಸೋರಿಕೆ ಮರೆಸುತ್ತದೆಯೇ ಹೊರತು ಸವೆದ ಸೀಲನ್ನು ಸರಿಮಾಡದು, ನಾವು ಹಾಕುವುದಿಲ್ಲ. ಬೇರೆಡೆ ಹಾಕಿಸಿದ್ದರೆ ದಯವಿಟ್ಟು ತಿಳಿಸಿ.

ಉಳಿದ ಆಯಿಲ್ ನಿಮ್ಮದೇ. ಅದರ ದರ್ಜೆ, ಹಾಕಿದ ದಿನಾಂಕ ಮತ್ತು ಗಾಡಿಯ ನಂಬರನ್ನು ಬಾಟಲಿಯ ಮೇಲೆ ಬರೆದು ಕೈಗೆ ಕೊಡುತ್ತೇವೆ. ಮಟ್ಟ ನೋಡುವಾಗ ಇಂಜಿನ್ ತಣ್ಣಗಿದ್ದರೆ ತಣ್ಣಗಿನ ಗುರುತನ್ನೂ ಬಿಸಿಯಿದ್ದರೆ ಬಿಸಿಯ ಗುರುತನ್ನೂ ನೋಡಿ. ಸ್ಟೀರಿಂಗನ್ನು ತುದಿಯವರೆಗೆ ತಿರುಗಿಸಿ ಒತ್ತಿ ಹಿಡಿಯಬೇಡಿ. ನಾವು ಬಿಚ್ಚಿ ಜೋಡಿಸಿದ ಜಾಗದಲ್ಲೇ ಮತ್ತೆ ಸೋರಿದರೆ ಕಾರು ತನ್ನಿ, ಮಜೂರಿ ಪಡೆಯದೆ ಸರಿಪಡಿಸಿ ಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಗ್ಯಾರೇಜಿನ ಮಾಲೀಕರು