ಕಂಪ್ಯೂಟರ್ ತಾನಾಗೇ ಆಫ್ ಆದರೆ ಫಾರ್ಮ್ಯಾಟ್ ಒಂದೇ ದಾರಿಯಾ?

ಸಂಪಾದಕರೇ,

ಮನೆಯ ಕಂಪ್ಯೂಟರ್ ಸುಮ್ನೆ ಸುಮ್ನೆ ರೀಸ್ಟಾರ್ಟ್ ಆಗುತ್ತಿದೆ ಅಂದರೆ ರಿಪೇರಿಯವರು ಮೊದಲು ಹೇಳುವ ಮಾತು 'ಫಾರ್ಮ್ಯಾಟ್ ಮಾಡಿಬಿಡೋಣ', ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು. ನಾನೂ ಎರಡು ಸಲ ಮಾಡಿಸಿದೆ. ಮೂರನೇ ದಿನಕ್ಕೆ ಮತ್ತೆ ಅದೇ ಕಥೆ, ಫೋಟೋಗಳು ಹೋಗಿದ್ದು ಬೇರೆ. ಕೊನೆಗೆ ನಾನೇ ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ ನೋಡಿದರೆ ಪ್ರೊಸೆಸರ್ ಮೇಲೆ ಬಿಸಿ ಹೊರಹಾಕಲು ಇರುವ ಹೀಟ್‌ಸಿಂಕ್ ಸಂದಿಯಲ್ಲಿ ಧೂಳು ಕಂಬಳಿ ಹಾಗೆ ಕೂತಿತ್ತು, ಗಾಳಿ ಆಡೋಕೆ ದಾರಿಯೇ ಇರಲಿಲ್ಲ. ಬಿಸಿ 100 ಡಿಗ್ರಿ ಹತ್ತಿರ ಹೋದರೆ ಪ್ರೊಸೆಸರ್ ಮೊದಲು ವೇಗ ಇಳಿಸುತ್ತದೆ, ಆಗಲೂ ತಣ್ಣಗಾಗದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಇದಕ್ಕೂ ಫಾರ್ಮ್ಯಾಟಿಗೂ ಏನು ಸಂಬಂಧ?

ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಕಂಡರೆ ಗಾಬರಿ ಬೇಡ. ಸರಿಯಾಗಿ ಶಟ್‌ಡೌನ್ ಆಗದೆ ರೀಸ್ಟಾರ್ಟ್ ಆಯಿತು ಅಂತಷ್ಟೇ ಅದರ ಅರ್ಥ, ಕಾರಣ ಹೇಳಲ್ಲ. ನೀಲಿ ಪರದೆ ಮಿಂಚಿ ಮಾಯವಾಗುತ್ತಿದ್ದರೆ ವಿಂಡೋಸ್ ಸೆಟ್ಟಿಂಗ್‌ನಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆಯಿರಿ, ಅದರಲ್ಲಿ ಬರುವ ದೋಷದ ಕೋಡ್ ಬರೆದುಕೊಳ್ಳಲು ಸಮಯ ಸಿಗುತ್ತದೆ. ರ‍್ಯಾಮ್ (ಮೆಮೊರಿ ಪಟ್ಟಿ) ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟಿದ್ದು ಯಾವುದು ಅಂತ ಗೊತ್ತಾಗುತ್ತದೆ. ಕೆಲಸದ ಹೊರೆ ಜಾಸ್ತಿಯಾದಾಗ ಮಾತ್ರ ದೀಪ ಆರಿದ ಹಾಗೆ ಆಫ್ ಆದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಮೇಲೂ ಅನುಮಾನ ಪಡಬೇಕು, ಆದರೆ ಅದನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.

ರಿಪೇರಿಯವರೇ, ಇನ್ನು ಮುಂದಾದರೂ ಫಾರ್ಮ್ಯಾಟ್ ಅನ್ನುವ ಮೊದಲು ಮುಚ್ಚಳ ತೆಗೆದು ನೋಡಬಹುದು ಅಲ್ವಾ?

– ಎರಡು ಸಲ ಫಾರ್ಮ್ಯಾಟ್ ಮಾಡಿಸಿದ ಓದುಗ