ಭಾನುವಾರ ಕೌಳಿ ಹಣ್ಣಿನ ಪೈ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಧ್ಯಾಹ್ನ 3ಕ್ಕೆ ಮೂಡಿಗೆರೆಯ ನಮ್ಮ ಮನೆಯಲ್ಲಿ ಕೌಳಿ ಹಣ್ಣಿನ (ಕರಂಡೆ ಅಂತಲೂ ಕರೆಯುತ್ತಾರೆ) ಪೈ, ಅಂದರೆ ಹಿಟ್ಟಿನೊಳಗೆ ಹಣ್ಣು ತುಂಬಿ ಓವನ್‌ನಲ್ಲಿ ಬೇಯಿಸುವ ಸಿಹಿ, ಮಾಡೋಣ. ಮಳೆ ಜೋರಾದರೆ ಹಣ್ಣು ಉದುರಿ ಹೋಗುತ್ತದೆ, ಅದಕ್ಕೇ ಈ ಅವಸರ.

ಒಬ್ಬೊಬ್ಬರೂ ಅರ್ಧ ಕೆಜಿ ತನ್ನಿ. ಕೀಳುವಾಗ ಮುಳ್ಳು ಜೋಕೆ. ಕಪ್ಪಗೆ ಮಾಗಿದ್ದೇ ಹೆಚ್ಚಿರಲಿ, ಜೊತೆಗೆ ಒಂದು ಹಿಡಿ ಕೆಂಪು ದೋರೆಯೂ ಬೇಕು. ಅದರಲ್ಲಿ ಪೆಕ್ಟಿನ್ ಜಾಸ್ತಿ, ರಸ ಗಟ್ಟಿಯಾಗುತ್ತದೆ. ತೊಟ್ಟಿನಿಂದ ಬಿಳಿ ಹಾಲು ಸೋರುತ್ತದಲ್ವಾ, ಚೆನ್ನಾಗಿ ತೊಳೆದು ತನ್ನಿ. ಇಲ್ಲದಿದ್ದರೆ ಬಾಯೆಲ್ಲ ಅಂಟು. ಬೀಜ ಮನೆಯಲ್ಲೇ ತೆಗೆದಿಟ್ಟರೆ ಪುಣ್ಯ ಬರುತ್ತದೆ!

ಹೋದ ವರ್ಷ ನಾನು ಹಸಿ ಹಣ್ಣನ್ನೇ ತುಂಬಿ ಓವನ್‌ಗೆ ಇಟ್ಟಿದ್ದೆ. ತಳದ ಹಿಟ್ಟು ಗಂಜಿಯಾಗಿತ್ತು. ಈ ಸಲ ಸಕ್ಕರೆ ಹಾಕಿ ಮೊದಲೇ ಕುದಿಸಿ, ಪೂರ್ತಿ ಆರಿದ ಮೇಲೆ ತುಂಬೋಣ. ಬೆಲ್ಲವೂ ಆಗುತ್ತದೆ, ಆದರೆ ಹಣ್ಣಿನ ಬಣ್ಣ ಮಂಕಾಗುತ್ತದೆ. ನನಗಂತೂ ಸಕ್ಕರೆಯೇ ಸರಿ. 190 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಬೇಕು.

ಮೈದಾ, ತಣ್ಣನೆ ಬೆಣ್ಣೆ ನನ್ನ ಕಡೆಯಿಂದ. ಗುರುತು ಸಿಗದ ಕಾಡುಹಣ್ಣು ಮಾತ್ರ ದಯವಿಟ್ಟು ತರಬೇಡಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಕರೆಂಟ್ ಕೈಕೊಟ್ಟರೆ ಅದೇ ಹಣ್ಣಿಗೆ ಉಪ್ಪಿನಕಾಯಿ ಹಾಕೋಣ.